ನಂದಗಡದ ಆಲದ ಮರ ಮತ್ತು ಸಾವಿನ ಭಯ

ಖಾನಾಪುರದಿಂದ ಹಲಸಿಯ ಕಡೆಗೆ ಹೋಗುವ ದಾರಿಯಲ್ಲಿ ನಂದಗಡ ಸಿಗುತ್ತದೆ. ಅಲ್ಲಿ ಊರ ಹೊರಗೆ ಒಂದು ದೊಡ್ಡ ಆಲದ ಮರ. ಮಕ್ಕಳಾಗದ ದಂಪತಿಗಳು ದೂರದ ಊರುಗಳಿಂದ ಬಂದು, ಹರಕೆ ಹೊತ್ತು, ಆ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ. ಮರದ ಬಳಿ ಇರುವುದು ಪುರಾಣದ ಯಾವ ದೇವರ ಗದ್ದುಗೆಯೂ ಅಲ್ಲ. ಅದು 1831ರ ಜನವರಿ 26ರಂದು ಇದೇ ಊರಿನಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿ.

ರಾಯಣ್ಣನ ಕಥೆ ಈ ಭಾಗದ ಓದುಗರಿಗೆ ಹೊಸದಲ್ಲ. 1824ರಲ್ಲಿ ಕಿತ್ತೂರು ಬಿದ್ದಿತು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ದತ್ತುಪುತ್ರ ಶಿವಲಿಂಗಪ್ಪನನ್ನು ಪಟ್ಟಕ್ಕೆ ತರಬೇಕೆಂದು ಹೊರಟ ರಾಯಣ್ಣ ಸರಕಾರಿ ಕಚೇರಿಗಳಿಗೆ ಬೆಂಕಿ ಇಟ್ಟು, ಖಾನಾಪುರದ ಕಾಡಿನ ಸೆರಗಿನಲ್ಲಿ ಅಡಗುತ್ತ, ಕಂಪನಿಯ ಸೈನ್ಯವನ್ನು ತಿಂಗಳುಗಟ್ಟಲೆ ಅಲೆದಾಡಿಸಿದ. 1830ರ ಏಪ್ರಿಲ್‌ನಲ್ಲಿ ನಮ್ಮವರ ಮೋಸದಿಂದಲೇ ಸೆರೆಸಿಕ್ಕ. ಅವನು ಹುಟ್ಟಿದ್ದು 1798ರ ಆಗಸ್ಟ್ 15ರಂದು ಎಂದು ಹೇಳುತ್ತಾರೆ. ಹುಟ್ಟಿದ್ದು ಸ್ವಾತಂತ್ರ್ಯ ದಿನ, ಸತ್ತದ್ದು ಗಣರಾಜ್ಯ ದಿನ ಎಂದು ಭಾಷಣಕಾರರು ಈ ಕಾಕತಾಳೀಯವನ್ನು ಬಿಡದೆ ಎತ್ತಿ ಆಡುತ್ತಾರೆ. ನನ್ನ ಗಮನ ಇರುವುದು ಬೇರೆಡೆ. ಊರ ಜನರ ಕಣ್ಣೆದುರು ಒಬ್ಬನನ್ನು ಗಲ್ಲಿಗೇರಿಸುವುದರ ಉದ್ದೇಶ ಅವನನ್ನು ಕೊಲ್ಲುವುದಷ್ಟೇ ಆಗಿರುವುದಿಲ್ಲ. ಅದಕ್ಕೆ ಸೆರೆಮನೆಯ ಹಿತ್ತಲು ಸಾಕು. ಬಯಲಿನ ಗಲ್ಲು ಉಳಿದವರಿಗಾಗಿ ಇರುವಂಥದು. ಸಾವಿನ ಭಯವೆಂಬ, ಪ್ರತಿಯೊಬ್ಬರೂ ಹುಟ್ಟುವಾಗಲೇ ಹೊತ್ತು ತಂದಿರುವ ಸರಕನ್ನು ಆಳುವವರು ಖರ್ಚಿಲ್ಲದೆ ಬಳಸಿಕೊಳ್ಳುವ ವಿಧಾನ ಅದು.

ನಮ್ಮ ಹಳ್ಳಿಗಳ ಎಣಿಕೆಯಂತೆ ಉರುಳಿನಲ್ಲಿ ಸತ್ತವನದು ದುರ್ಮರಣ. ಅಂಥವನು ಅಂತರಪಿಶಾಚಿಯಾಗುತ್ತಾನೆ, ಆ ಮರದ ಕೆಳಗೆ ಹೊತ್ತಿಲ್ಲದ ಹೊತ್ತಿನಲ್ಲಿ ಹೋಗಬಾರದು, ಬಸುರಿಯರಂತೂ ಅತ್ತ ಸುಳಿಯಲೇಬಾರದು. ಆ ಲೆಕ್ಕದಲ್ಲಿ ನಂದಗಡದ ಮರ ಈ ಸೀಮೆಯಲ್ಲೇ ಅತ್ಯಂತ ಭಯದ ಮರವಾಗಬೇಕಿತ್ತು. ಆದದ್ದು ಪೂರ್ತಿ ಉಲ್ಟಾ. ಜನ ಆ ಸತ್ತವನಿಗೆ ಒಂದು ಕೆಲಸ ಕೊಟ್ಟರು, ಮಕ್ಕಳನ್ನು ಕೊಡುವ ಕೆಲಸ. ಕಂಪನಿ ಸರಕಾರ ಭಯ ಬಿತ್ತಿದ ಜಾಗದಲ್ಲಿ ತೊಟ್ಟಿಲು ತೂಗಿತು. ಆ ಮರವನ್ನು ರಾಯಣ್ಣನ ಜೊತೆಗಾರನೇ ನೆಟ್ಟನೆಂಬ ಐತಿಹ್ಯವನ್ನು ಚರಿತ್ರಕಾರರು ಒಪ್ಪಲಿ ಬಿಡಲಿ, ತೊಟ್ಟಿಲು ಕಟ್ಟುವ ಕೈಗಳಿಗೆ ಅದರಿಂದ ಬಾಧೆಯಿಲ್ಲ.

ಸಾವಿನ ಭಯ ಎಲ್ಲರಿಗೂ ಉಂಟು, ಅದನ್ನು ಒಪ್ಪಿಕೊಳ್ಳುವವರು ಕಡಿಮೆ. ಮಹಾಭಾರತದ ಯಕ್ಷ ಧರ್ಮರಾಯನನ್ನು ಕೇಳಿದ ಪ್ರಶ್ನೆಗಳಲ್ಲಿ ಜಗತ್ತಿನ ದೊಡ್ಡ ಆಶ್ಚರ್ಯ ಯಾವುದೆಂಬುದೂ ಒಂದು. ದಿನದಿನವೂ ಜನ ಯಮಸದನಕ್ಕೆ ಹೋಗುತ್ತಿರುವುದನ್ನು ಕಂಡೂ ಉಳಿದವರು ತಾವು ಮಾತ್ರ ಇಲ್ಲೇ ಇರುತ್ತೇವೆಂದು ನಂಬಿರುವುದೇ ಆಶ್ಚರ್ಯವೆಂದು ಧರ್ಮರಾಯ ಉತ್ತರಿಸುತ್ತಾನೆ. ಗ್ರೀಸಿನ ಎಪಿಕ್ಯೂರಸ್ ಈ ಭಯವನ್ನು ತರ್ಕದಿಂದ ಓಡಿಸಲು ನೋಡಿದ. ನಾವಿರುವವರೆಗೆ ಸಾವು ಇಲ್ಲ, ಸಾವು ಬಂದ ಮೇಲೆ ನಾವಿಲ್ಲ, ಹಾಗಾದರೆ ಇಬ್ಬರಿಗೂ ಭೇಟಿಯೇ ಆಗುವುದಿಲ್ಲವಲ್ಲ ಎಂಬುದು ಅವನ ವಾದದ ತಾತ್ಪರ್ಯ. ವಾದದಲ್ಲಿ ಲೋಪ ಹುಡುಕುವುದು ಕಷ್ಟ. ಆದರೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಎದ್ದು ಕುಳಿತವನಿಗೆ ಇದರಿಂದ ಎಷ್ಟು ಸಮಾಧಾನ ಸಿಕ್ಕೀತು? ಮನುಷ್ಯನ ನಾಗರಿಕತೆಯೆಲ್ಲ ಸಾವನ್ನು ಅಲ್ಲಗಳೆಯಲು ಕಟ್ಟಿಕೊಂಡ ಕೋಟೆ ಎಂದು ಅಮೆರಿಕದ ಅರ್ನೆಸ್ಟ್ ಬೆಕರ್ 1973ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದ. ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂದದ್ದು 1974ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಗ್ರಂಥಕರ್ತ ಕ್ಯಾನ್ಸರ್‌ನಿಂದ ತೀರಿಕೊಂಡು ಎರಡು ತಿಂಗಳಾಗಿತ್ತು.

ಮಗುವಿನ ಶವ ಹೊತ್ತು ಬಂದ ಕಿಸಾಗೋತಮಿಗೆ ಬುದ್ಧ ಇಂಥ ವಾದವನ್ನು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಕಳಿಸಿದ. ಎಂದರೆ, ಅವಳಿಗೆ ಒಂದು ಕೆಲಸ ಕೊಟ್ಟ. ನಮ್ಮ ನಾಡಿನ ಹಿರಿಯರು ಸಾವಿನ ಭಯವನ್ನು ಎದುರಿಸಿದ ಬಗೆಯೂ ಹೆಚ್ಚುಕಡಿಮೆ ಇದೇ ಎಂದು ನನಗೆ ತೋರುತ್ತದೆ. ಸಾಯುವವನಿಗೆ, ಉಳಿದವರಿಗೆ, ಕೊನೆಗೆ ಸತ್ತವನಿಗೂ ಒಂದೊಂದು ಕೆಲಸ.

ನಂದಗಡ ದಾಟಿ ಮುಂದೆ ಹೋದರೆ ಹಲಸಿ. ಪ್ರವಾಸಿಗರು ಭೂವರಾಹ ನರಸಿಂಹ ದೇವಾಲಯ ನೋಡಿ ಮರಳುತ್ತಾರೆ. ಹಳೆಯ ಶಾಸನಗಳ ಪಲಾಶಿಕೆ ಇದೇ, ಬನವಾಸಿ ಕದಂಬರ ಎರಡನೆಯ ರಾಜಧಾನಿ. ಇಲ್ಲಿ ದೊರೆತ ತಾಮ್ರಪಟಗಳನ್ನು 19ನೆಯ ಶತಮಾನದಲ್ಲಿ ಫ್ಲೀಟ್ ಓದಿ ಪ್ರಕಟಿಸಿದ. ಅವುಗಳಲ್ಲಿ ಒಂದು 5ನೆಯ ಶತಮಾನದ ದೊರೆ ಮೃಗೇಶವರ್ಮನದು. ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ ಅವನು ಪಲಾಶಿಕೆಯಲ್ಲಿ ಒಂದು ಜಿನಾಲಯ ಕಟ್ಟಿಸಿ ಅದಕ್ಕೆ 33 ನಿವರ್ತನ ಭೂಮಿ ಬಿಟ್ಟನೆಂದು ಅದು ಹೇಳುತ್ತದೆ. ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಜೈನ ಪಂಗಡಗಳ ಹೆಸರು ಅಲ್ಲಿವೆ. ಕದಂಬರು ಮಾನವ್ಯ ಗೋತ್ರದ ವೈದಿಕರು. ಆದರೂ ತಂದೆಯ ನೆನಪಿಗೆ ಮಗ ಕಟ್ಟಿಸಿದ್ದು ಬಸದಿಯನ್ನು! ದಾನಶಾಸನಗಳ ಭಾಷೆ ಸಾಮಾನ್ಯವಾಗಿ ಒಣ ಭಾಷೆ, ಗಡಿ, ತೆರಿಗೆ, ಶಾಪಾಶಯಗಳ ಪಟ್ಟಿ. ಅದರ ನಡುವೆ, ಅಪ್ಪ ಇಲ್ಲವಾಗಿದ್ದಾನೆ ಎಂಬ ಒಂದು ಮಾತು ಒಂದೂವರೆ ಸಾವಿರ ವರ್ಷ ತಾಮ್ರದಲ್ಲಿ ಉಳಿದುಕೊಂಡು ಬಂದಿದೆ. ಸತ್ತ ಅರಸನಿಗೆ ಅಲ್ಲಿ ಬಿದ್ದ ಕೆಲಸ ದೊಡ್ಡದೇ. ಮುನಿಗಳ ಊಟ, ದೇವರ ಪೂಜೆ ಅವನ ಹೆಸರಿನಲ್ಲಿ ನಡೆಯಬೇಕು.

ಅರಸರಿಗೆ ತಾಮ್ರ, ಉಳಿದವರಿಗೆ ಕಲ್ಲು. ಕರ್ನಾಟಕದಲ್ಲಿ ವೀರಗಲ್ಲಿಲ್ಲದ ಹೋಬಳಿ ಸಿಗುವುದು ಕಷ್ಟ. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನು, ಹೆಂಗಸರ ಮಾನ ಕಾಯಲು ಸತ್ತವನು, ಒಡೆಯನಿಗಾಗಿ ಸತ್ತವನು. ಕಲ್ಲಿನ ಕೆಳಗಿನ ಅಂಕಣದಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆ ಇದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 10ನೆಯ ಶತಮಾನದ ಒಂದು ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಂತದ್ದು. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಗವಿಲ್ಲದ ಸಾವನ್ನು ಕೆತ್ತಿದ ಕಲ್ಲೂ ಉಂಟು. ತಿರುಮಕೂಡಲು ನರಸೀಪುರ ತಾಲೂಕಿನ ದೊಡ್ಡಹುಂಡಿಯ 9ನೆಯ ಶತಮಾನದ ನಿಷಿಧಿಯಲ್ಲಿ ಗಂಗರ ಅರಸ ನೀತಿಮಾರ್ಗ ಸಾಯುತ್ತಿದ್ದಾನೆ, ಮಗ ಸತ್ಯವಾಕ್ಯ ಹತ್ತಿರವೇ ಇದ್ದು ನೋಡುತ್ತಿದ್ದಾನೆ. ಶಿಲ್ಪಿ ಅಲ್ಲಿ ಅಪ್ಸರೆಯರ ವಿಮಾನಕ್ಕಿಂತ ಆ ಮನೆಯೊಳಗಿನ ಗಳಿಗೆಗೆ ಬೆಲೆ ಕೊಟ್ಟ.

ಸಾಯುವುದನ್ನೇ ಒಂದು ಕೆಲಸವನ್ನಾಗಿ, ಕಲಿತು ಮಾಡಬೇಕಾದ ಕೆಲಸವನ್ನಾಗಿ ತಿಳಿದವರು ಜೈನರು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗದ್ಯಕಥೆಗಳ ಸಂಕಲನ ‘ವಡ್ಡಾರಾಧನೆ’. ಅದರ 19 ಕಥೆಗಳೂ ಕೊನೆಗೆ ತಲುಪುವುದು ಒಂದೇ ಜಾಗಕ್ಕೆ, ಒಬ್ಬನು ನೋವನ್ನು ಸಹಿಸಿ ಎಚ್ಚರದಿಂದ ಸಾಯುವುದಕ್ಕೆ. ಹೂವಿನಂಥ ಮೈಯ ಸುಕುಮಾರಸ್ವಾಮಿಯನ್ನು ನರಿ ಮರಿಗಳೊಡನೆ ಬಂದು ಮೂರು ದಿನ ತಿನ್ನುತ್ತದೆ, ಆತ ಅಲುಗುವುದಿಲ್ಲ. ಚಿಕ್ಕಂದಿನಲ್ಲಿ ಇದನ್ನು ಪಠ್ಯವಾಗಿ ಓದುವಾಗ ಭಯವಾಗುತ್ತಿತ್ತು, ಜುಗುಪ್ಸೆಯೂ ಆಗುತ್ತಿತ್ತು. ಇಂದಿಗೂ ಆ ಕಥೆ ನನಗೆ ಪೂರ್ತಿ ಒಪ್ಪಿತವಲ್ಲ. ಆದರೆ ಈ ಕಥೆಗಳಿಗೆ ಮೂಲವಾದ ‘ಭಗವತೀ ಆರಾಧನೆ’ ಎಂಬ ಪ್ರಾಕೃತ ಗ್ರಂಥದಲ್ಲಿ ಬರುವ ಒಂದು ವ್ಯವಸ್ಥೆ ಮನಸ್ಸನ್ನು ಹಿಡಿಯುತ್ತದೆ. ಸಲ್ಲೇಖನ ಕೈಗೊಂಡವನ ಸುತ್ತ 48 ಜನ ನಿರ್ಯಾಪಕರು ಇರಬೇಕಂತೆ. ಮೈ ಹಿಡಿದು ಹೊರಳಿಸಲು ಕೆಲವರು, ಹಾಸಿಗೆ ನೋಡಿಕೊಳ್ಳಲು ಕೆಲವರು, ಬಾಗಿಲು ಕಾಯಲು ಕೆಲವರು, ಕಥೆ ಹೇಳಲು ಕೆಲವರು. ಕಾಲ ಕೆಟ್ಟು ಅಷ್ಟು ಜನ ಸಿಗದಿದ್ದರೆ ಸಂಖ್ಯೆಯನ್ನು ಇಳಿಸಬಹುದು, ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬನೇ ಇದ್ದು, ಅವನು ಭಿಕ್ಷೆಗೆ ಹೋದಾಗ ಸಾಯುವವನು ಒಂಟಿಯಾದರೆ?

ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಹೀಗೆ ಸತ್ತವರ ಹೆಸರುಗಳು 7ನೆಯ ಶತಮಾನದಿಂದೀಚೆಗೆ ಸಾಲುಸಾಲಾಗಿವೆ, ಹೆಂಗಸರವೂ ಇವೆ. ಅವನ್ನೆಲ್ಲ ಕೂತು ಓದಿ, ಒಂದೊಂದು ಸಾವನ್ನೂ ಲೆಕ್ಕಕ್ಕೆ ತಂದವರು ಧಾರವಾಡದಲ್ಲಿ ಬಹುಕಾಲ ಪಾಠ ಹೇಳಿದ ಷ. ಶೆಟ್ಟರ್. ಮೊದಲು ಇಂಗ್ಲಿಷಿನಲ್ಲಿ 1989 ಮತ್ತು 1990ರಲ್ಲಿ ಬಂದ ಅವರ ಎರಡು ಗ್ರಂಥಗಳು ಮುಂದೆ ‘ಸಾವಿಗೆ ಆಹ್ವಾನ’, ‘ಸಾವನ್ನು ಅರಸಿ’ ಎಂದು ಕನ್ನಡಕ್ಕೂ ಬಂದವು. ಶೆಟ್ಟರ್ 2020ರ ಫೆಬ್ರುವರಿಯಲ್ಲಿ ತೀರಿಕೊಂಡರು. ಈ ವ್ರತವೂ ಆತ್ಮಹತ್ಯೆಯೂ ಒಂದೇ ಎಂದು ರಾಜಸ್ಥಾನದ ಹೈಕೋರ್ಟು 2015ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಬೆಳಗಾವಿ ಜಿಲ್ಲೆಯ ಜೈನರೂ ಆಗ ಬೀದಿಗಿಳಿದಿದ್ದರು. ಆ ಚರ್ಚೆಯಲ್ಲಿ ಸಾಯುವ ಹಕ್ಕಿನ ಮಾತು ಬಹಳ ಕೇಳಿಬಂತು, 48 ಜನರ ಮಾತು ಕೇಳಿಬರಲಿಲ್ಲ.

ಇನ್ನು ನಮ್ಮ ಸಾಧಾರಣ ಜನರ ಸಾವು. ಬೆಳಗಾವಿ ಸೀಮೆಯಲ್ಲಿ ಅಂತ್ಯಸಂಸ್ಕಾರಕ್ಕೆ ಹೋಗಿದ್ದೆ ಎಂದು ಯಾರೂ ಹೇಳುವುದಿಲ್ಲ, ‘ಮಣ್ಣಿಗೆ ಹೋಗಿದ್ನಿ’ ಎನ್ನುತ್ತಾರೆ. ಎಷ್ಟೇ ಜಗಳವಿದ್ದರೂ ಮಣ್ಣಿಗೆ ಹೋಗಬೇಕು, ಒಂದು ಹಿಡಿ ಮಣ್ಣು ಹಾಕಬೇಕು. ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕುಳ್ಳಿರಿಸಿ, ಭಜನೆ ಬಾಜಾ ಸಮೇತ ಒಯ್ದು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕುಳಿತ ಭಂಗಿಯಲ್ಲೇ ಗುಂಡಿಯ ಗೂಡಿನೊಳಗೆ ಇಳಿಸುತ್ತಾರೆ. ಪೂಜೆಗೆ ಕೂತವರಂತೆ. ಕೆಲಸ ಇನ್ನೂ ನಡೆದಿದೆ ಎಂಬಂತೆ. ಮರಣವನ್ನು ಹಬ್ಬವೆಂದು ಕರೆದ ಶರಣರ ಪರಂಪರೆಗೆ ಇದು ಸಹಜವೇ. ಸುಡುವವರಲ್ಲಿ ಮಗ ನೀರು ತುಂಬಿದ ಮಡಕೆಯನ್ನು ಹೆಗಲ ಮೇಲೆ ಹೊತ್ತು ಸುತ್ತು ಬರುತ್ತಾನೆ. ಪ್ರತಿ ಸುತ್ತಿಗೂ ಅದರಲ್ಲಿ ಒಂದು ತೂತು, ನೀರು ಸೋರುತ್ತಲೇ ಇರುತ್ತದೆ, ಕೊನೆಗೆ ಹಿಂದಕ್ಕೆ ಕೆಡವಿ ಒಡೆಯುತ್ತಾನೆ. ಹಿಂತಿರುಗಿ ನೋಡುವಂತಿಲ್ಲ. ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು, ಕುಂಬಾರಿಕೆ ಕಲಿಸುವ ಕೇಂದ್ರೀಯ ಸಂಸ್ಥೆಯೇ ಈ ಊರಲ್ಲಿದೆ. ನೀರು ಕುಡಿಯುವ ಗಡಿಗೆಯೂ ಈ ಒಡೆಯುವ ಗಡಿಗೆಯೂ ಒಂದೇ ತಿಗರಿಯ ಮೇಲೆ ತಿರುಗಿ ಹುಟ್ಟುವಂಥವು.

ಕಾಗೆಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ಕನ್ನಡಿಗರಿರಲಿ, ಮರಾಠಿಗರಿರಲಿ, ಖಾನಾಪುರದ ಕಡೆ ಇಬ್ಬರಿಗೂ ಇದು ಗೊತ್ತು. ಪಿಂಡ ಇಟ್ಟು ಎಲ್ಲರೂ ದೂರ ನಿಲ್ಲುತ್ತಾರೆ. ಕಾಗೆ ಮರದ ಮೇಲೆ ಕೂತಿರುತ್ತದೆ, ಕೆಳಗಿಳಿಯುವುದಿಲ್ಲ. ಬಿಸಿಲೇರುತ್ತದೆ. ಆಗ ಹಿರಿಯರೊಬ್ಬರು ಯಜಮಾನನ ಕಿವಿಯಲ್ಲಿ ಏನೋ ಹೇಳುತ್ತಾರೆ, ಆತ ಮುಂದೆ ಬಂದು ಕೈ ಮುಗಿದು, ‘ತಂಗಿ ಮದುವಿ ನಾ ಮಾಡತೇನು, ಚಿಂತಿ ಬ್ಯಾಡ’ ಎನ್ನುತ್ತಾನೆ. ಕಾಗೆ ಇಳಿದರೆ ನೆರೆದವರೆಲ್ಲರ ಎದೆ ಹಗುರಾಗುತ್ತದೆ. ಇಳಿಯದಿದ್ದರೆ ಮತ್ತೊಂದು ಮಾತು ಕೊಡಬೇಕು, ಸಾಲದ್ದೋ, ಹೊಲದ ಪಾಲಿನದ್ದೋ. ವಿಚಾರವಾದಿಗಳು ನಗುವುದು ನ್ಯಾಯವೇ. ಆದರೆ ಆ ಅರ್ಧ ಗಂಟೆಯಲ್ಲಿ ಊರ ಸಮಕ್ಷಮ ಆದ ಕರಾರುಗಳನ್ನು ರಿಜಿಸ್ಟ್ರಾರ್ ಕಚೇರಿಯ ಕಾಗದಕ್ಕಿಂತ ಹೆಚ್ಚಾಗಿ ನಡೆಸಿದ ಮನೆಗಳನ್ನು ನಾನು ಬಲ್ಲೆ.

ಖಾನಾಪುರ ತಾಲೂಕಿನ ನನ್ನ ಅಜ್ಜಿಯ ಊರಿಗೆ ಹುಡುಗನಾಗಿದ್ದಾಗ ಸೂಟಿಗೆ ಹೋಗುತ್ತಿದ್ದೆ. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ಆಯಿಯ ಟ್ರಂಕಿನ ತಳದಲ್ಲಿ ಒಂದು ಹೊಸ ಬಿಳಿ ಬಟ್ಟೆ, ಅದರೊಳಗೆ ಗಂಟು ಕಟ್ಟಿದ ಹಣ. ಒಮ್ಮೆ ಅದನ್ನು ಬಿಚ್ಚಲು ಹೋಗಿ ಬೈಸಿಕೊಂಡೆ. ‘ಅದು ನನ್ನ ಮಣ್ಣಿನ ರೊಕ್ಕ ಐತಿ, ಮುಟ್ಟಬ್ಯಾಡ’ ಎಂದಳು. ಹಬ್ಬದ ಸೀರೆಯ ಬಗ್ಗೆ ಹೇಳುವ ದನಿಯಲ್ಲೇ ಹೇಳಿದಳು. ಯಾರು ಹೊರಬೇಕು, ಯಾವ ಹೊಲದ ಬದುವಿನಲ್ಲಿ ಇಡಬೇಕು, ದಿವಸದ ಊಟಕ್ಕೆ ಏನು ಮಾಡಬೇಕು, ಎಲ್ಲ ಆಕೆ ಮೊದಲೇ ಗೊತ್ತು ಮಾಡಿದ್ದಳು. ಆಯಿಗೆ ಸಾವಿನ ಭಯ ಇರಲಿಲ್ಲ ಎಂದರೆ ಸುಳ್ಳಾದೀತು. ರಾತ್ರಿ ಗೂಗೆ ಕೂಗಿದರೆ ಎದ್ದು ಕೂತು ಶಿವಶಿವಾ ಎನ್ನುತ್ತಿದ್ದಳು. ಭಯ ಇತ್ತು. ಆದರೆ ಅದಕ್ಕೆ ಮಾಡಲು ಕೆಲಸವೂ ಇತ್ತು.

ಈ ಏರ್ಪಾಡು ಯಾವಾಗಲೂ ನಿಂತಿತೆಂದು ತಿಳಿಯಬಾರದು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹೊಕ್ಕಿತು. ಇಲಿ ಬಿದ್ದ ಸುದ್ದಿ ಬಂದರೆ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಹೊರುವ ನಾಲ್ಕು ಜನ ಸಿಗದೆ ಶವಗಳು ಗಾಡಿಯಲ್ಲಿ ಹೋದ ಕಥೆಗಳನ್ನು ಹಳೆಯ ತಲೆಮಾರು ಹೇಳುತ್ತಿತ್ತು. ಹಾಫ್ಕಿನ್ ಮುಂಬಯಿಯಲ್ಲಿ 1897ರ ಜನವರಿಯಲ್ಲಿ ತನ್ನ ಮೈಗೇ ಮೊದಲು ಚುಚ್ಚಿಕೊಂಡು ನೋಡಿದ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಕಿಸಿಕೊಂಡರು. ಅದೊಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳಬೇಕು. ಅದೇ ಭಯ ಮತ್ತೆ ಬಂದದ್ದು 2020ರಲ್ಲಿ. ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯವನ್ನು ನಾಡೆಲ್ಲ ನೋಡಿತು, ಜಿಲ್ಲಾಡಳಿತ ಕ್ಷಮೆ ಕೇಳಿತು. ಆ ಎರಡು ವರ್ಷ ಎಷ್ಟೋ ಮನೆಯವರು ಮಣ್ಣಿಗೆ ಹೋಗಲಾಗದೆ ಉಳಿದರು. ಮೊಬೈಲಿನಲ್ಲಿ ಚಿತೆ ನೋಡಿದ ಮಕ್ಕಳು ಇಂದಿಗೂ ಆ ಮಾತು ಬಂದರೆ ಸುಮ್ಮನಾಗುತ್ತಾರೆ. ಸಾವಿಗಿಂತ ಹೆಚ್ಚಾಗಿ ಆ ಕೆಲಸ ತಪ್ಪಿಹೋದದ್ದೇ ಅವರನ್ನು ಕಾಡುತ್ತಿರುವುದು.

ಕೋವಿಡ್ ಇಲ್ಲದ ದಿನಗಳಲ್ಲೂ ನಾವು ಈಗ ಮಾಡುತ್ತಿರುವುದು ಏನು? ನನ್ನ ಸೋದರಮಾವನನ್ನು ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಕಾಯಿಲೆ ಕೈಮೀರಿತ್ತು, ಡಾಕ್ಟರು ನಮಗೆ ಹೇಳಿದ್ದರು, ಅವನಿಗೆ ಹೇಳಿರಲಿಲ್ಲ. ಹೇಳುವುದು ಬೇಡವೆಂದು ನಾವೇ ಕೇಳಿಕೊಂಡಿದ್ದೆವು. ಒಂದು ಸಂಜೆ ನಾನೊಬ್ಬನೇ ಇದ್ದಾಗ ಕೈ ಹಿಡಿದು, ‘ತಮ್ಮಾ, ಖರೇ ಹೇಳು, ನಾ ಮನಿಗೆ ಹೋಗತೇನೇನು?’ ಎಂದು ಕೇಳಿದ. ‘ಎಂಟ ದಿನದಾಗ ಹೋಗೂಣು ಮಾವಾ’ ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಗೋಡೆಯ ಕಡೆ ಹೊರಳಿದ. ಮರುದಿನ ತೀವ್ರ ನಿಗಾ ಘಟಕಕ್ಕೆ ಒಯ್ದರು. ಅಲ್ಲಿ ನೋಡಲು ಬಿಡುತ್ತಿದ್ದುದು ದಿನಕ್ಕೆ ಎರಡು ಬಾರಿ, ಒಮ್ಮೆಗೆ ಒಬ್ಬರನ್ನು, ಹತ್ತು ನಿಮಿಷ. ಆರನೆಯ ದಿನ ಬೆಳಗಿನ ಜಾವ ತೀರಿಕೊಂಡಾಗ ಅವನ ಹತ್ತಿರ ನಮ್ಮವರು ಯಾರೂ ಇರಲಿಲ್ಲ. ಹೊಲದ ವಿಷಯ, ಎತ್ತಿನ ವಿಷಯ, ಮುನಿಸಿಕೊಂಡು ಪುಣೆಯಲ್ಲಿದ್ದ ಕಿರಿಯ ಮಗನ ವಿಷಯ ಅವನಿಗೆ ಹೇಳುವುದಿತ್ತೇ, ಏನು ಹೇಳುವುದಿತ್ತು, ತಿಳಿಯಲಿಲ್ಲ. ನಾವು ಅವನನ್ನು ಭಯದಿಂದ ಕಾಪಾಡಿದೆವೆಂದು ಹೇಳಿಕೊಳ್ಳುತ್ತೇವೆ. ಕಾಪಾಡಿಕೊಂಡದ್ದು ನಮ್ಮನ್ನು. ಹನ್ನೊಂದನೆಯ ದಿನ ಕಾಗೆ ಇಳಿಯಲಿಲ್ಲ. ಕೊನೆಗೆ ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರು.

ಆಸ್ಪತ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ಅದೇ ಯಂತ್ರಗಳಿಂದ ಬದುಕಿ ಮನೆಗೆ ಬಂದವರು ನನ್ನ ಬಂಧುಗಳಲ್ಲೇ ಇದ್ದಾರೆ. ಆದರೆ ಗುಣವಾಗದ ಕಾಯಿಲೆಯಲ್ಲಿ ಎಲ್ಲಿಯವರೆಗೆ ಯಂತ್ರ, ಎಲ್ಲಿಂದ ಮನೆ ಎಂಬುದನ್ನು ನಿರ್ಧರಿಸಬೇಕಾದವರು ಯಾರು? ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು, ಗೌರವದಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿತು. ಮುಂದೆ ತನಗೆ ಮಾತು ನಿಂತ ಕಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಪ್ರಜ್ಞೆ ಇರುವಾಗಲೇ ಬರೆದಿಡಲು ಅವಕಾಶ ಕೊಟ್ಟಿತು. ಮೊದಲಿಗೆ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು. 2023ರಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಮುಂದೆ ರುಜು ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದರು. ಚಿಕಿತ್ಸೆ ನಿಲ್ಲಿಸುವ ಮುನ್ನ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಇದು ದಯಾಮರಣವಲ್ಲ, ಸೂಜಿ ಚುಚ್ಚಿ ಕೊಲ್ಲುವುದಂತೂ ಅಲ್ಲವೇ ಅಲ್ಲ. ಪತ್ರಿಕೆಗಳ ತಲೆಬರಹಗಳಿಂದ ಈ ವಿಷಯದಲ್ಲಿ ಬೇಕಾದಷ್ಟು ಗೊಂದಲವಾಗಿದೆ. ನನ್ನ ಮಟ್ಟಿಗೆ ಇದು ಆಯಿಯ ಟ್ರಂಕಿನ ಗಂಟು, ಬಟ್ಟೆಯ ಬದಲು ಕಾಗದದಲ್ಲಿ.

ಸತ್ತವರ ಕೆಲಸದ ಬಗ್ಗೆಯೂ ನಮ್ಮ ಜಿಲ್ಲೆಯಲ್ಲಿ ಒಂದು ದೊಡ್ಡ ಸಂಗತಿ ನಡೆದುಹೋಗಿದೆ, ಅದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ 2008ರ ನವೆಂಬರ್‌ನಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ವಿದ್ಯಾರ್ಥಿಗಳ ಪಾಠಕ್ಕೆ ಕೊಡಬೇಕು, ಅದನ್ನು ಮಗನೇ ಛೇದಿಸಬೇಕು ಎಂಬುದು ಅವರ ಇಚ್ಛೆ. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಕಂಕಣವಾಡಿ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಅಧ್ಯಾಪಕರು. ದೇಹವನ್ನು ಕಾಪಿಟ್ಟು, 2010ರ ನವೆಂಬರ್‌ನಲ್ಲಿ, ತಂದೆಯ ಎರಡನೆಯ ಪುಣ್ಯತಿಥಿಯಂದು, ವಿದ್ಯಾರ್ಥಿಗಳ ಎದುರು ಮಗ ಆ ಕೆಲಸ ಮಾಡಿದರು. ಹೆಗಲ ಮೇಲೆ ಮಡಕೆ ಹೊರುವ ಕೈ ಚಾಕು ಹಿಡಿದದ್ದನ್ನು ಕೆಲವರು ಒಪ್ಪಲಿಲ್ಲ. ಒಪ್ಪುವುದು ಸುಲಭವೂ ಅಲ್ಲ. ನನ್ನಿಂದಾಗಲಿ, ಬಹುಶಃ ಇದನ್ನು ಓದುತ್ತಿರುವ ಹೆಚ್ಚಿನವರಿಂದಾಗಲಿ ಆಗುವ ಮಾತಲ್ಲ. ಆದರೆ ಹಲಸಿಯ ತಾಮ್ರಪಟದಲ್ಲಿ ತೀರಿದ ತಂದೆಗಾಗಿ ಮಗ ಮಾಡಿದ್ದಕ್ಕೂ ಬೆಳಗಾವಿಯ ಆ ಮೇಜಿನ ಮೇಲೆ ನಡೆದದ್ದಕ್ಕೂ ನಡುವೆ ಇರುವ ದೂರ ಮೇಲುನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ. ರಾಮಣ್ಣವರ ಕುಟುಂಬದ ಆ ನಡೆಯ ನಂತರ ಈ ಭಾಗದಲ್ಲಿ ದೇಹದಾನದ ಮಾತು ಮನೆಗಳಲ್ಲಿ ಆಡಬಹುದಾದ ಮಾತಾಯಿತು.

ನಾನು ಅಷ್ಟು ದೂರ ಹೋಗಿಲ್ಲ. ಕಳೆದ ತಿಂಗಳು ಚಿಕಿತ್ಸೆಯ ಇಚ್ಛೆಯ ಆ ಕಾಗದವನ್ನು ಮಾತ್ರ ಬರೆದು ಮುಗಿಸಿದೆ. ಹೆಂಡತಿ ಓದಿ, ಏನೂ ಹೇಳದೆ, ಹೊಲದ ಪಹಣಿಗಳಿರುವ ಕಪಾಟಿನಲ್ಲಿ ಇಟ್ಟಳು. ರುಜು ಇನ್ನೂ ಆಗಿಲ್ಲ. ಸಾಕ್ಷಿಗಳು ಇಬ್ಬರು ಬೇಕಲ್ಲ. ಹಳೆಯ ಗೆಳೆಯನೊಬ್ಬ ಒಪ್ಪಿದ್ದಾನೆ. ಪಕ್ಕದ ಮನೆಯ ನಿವೃತ್ತ ಮಾಸ್ತರರನ್ನು ಕೇಳಿದಾಗ ಅವರು ಕಾಗದದ ಮೇಲೆ ಕಣ್ಣಾಡಿಸಿ, ಕನ್ನಡಕ ತೆಗೆದು, ‘ಇವತ್ತ ಅಮಾಸಿ ಐತ್ರಿ, ಮುಂದಿನ ವಾರ ನೋಡೂಣಂತ’ ಎಂದರು. ಮುಂದಿನ ವಾರ ಅವರ ಮನೆಗೆ ಬೀಗ ಹಾಕಿತ್ತು. ಮಗಳ ಊರಿಗೆ ಹೋಗಿದ್ದಾರಂತೆ.